ಫ್ಲಿಪ್ಪರ್ ಝೀರೋದ ಸಿಗ್ನಲ್ ಜನರೇಟರ್: ಕ್ಲಾಕ್‌ಗೆ ಸೈ, ಸರ್ವೋಗೆ ಲೆಕ್ಕ ಹಾಕಬೇಕು

ಅಂಗೈಯಗಲದ ಎಲೆಕ್ಟ್ರಾನಿಕ್ಸ್ ಪ್ರಯೋಗ ಸಾಧನವಾದ ಫ್ಲಿಪ್ಪರ್ ಝೀರೋದ ಮೇಲಂಚಿನ 18 ಪಿನ್‌ಗಳ ಜಿಪಿಐಒ ಪೋರ್ಟ್‌ನಿಂದ (ಹೊರಗಿನ ಸರ್ಕ್ಯೂಟ್ ಜೋಡಿಸುವ ಜಾಗ) ಸಿಗುವುದು ಚೌಕ ಅಲೆ ಮಾತ್ರ, 0ಯಿಂದ 3.3 ವೋಲ್ಟ್. ಒಳಗಿನ ಎಸ್‌ಟಿಎಂ32ಡಬ್ಲ್ಯೂಬಿ55 ಚಿಪ್‌ನಲ್ಲಿ ಡಿಎಸಿ (ಅಂಕಿಗಳನ್ನು ಏರಿಳಿಯುವ ವೋಲ್ಟೇಜ್ ಆಗಿಸುವ ಭಾಗ) ಇಲ್ಲದ್ದರಿಂದ ಸೈನ್ ಅಲೆಯ ಆಸೆ ಬಿಡಬೇಕು. ಅಷ್ಟನ್ನು ಒಪ್ಪಿಕೊಂಡರೆ, ಇದರ ಸಿಗ್ನಲ್ ಜನರೇಟರ್ ಆ್ಯಪ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಅದರ ಶಕ್ತಿ ಇರುವುದು ಕ್ಲಾಕ್ ಔಟ್‌ಪುಟ್‌ನಲ್ಲಿ, ಅಂದರೆ ಬೇರೆ ಚಿಪ್‌ಗಳಿಗೆ ತಾಳ ಹಾಕಿಕೊಡುವ ಅಲೆಯಲ್ಲಿ. ಪಿನ್ 13ರಲ್ಲಿ 32768 ಹರ್ಟ್ಸ್ ಅಥವಾ 64 ಮೆಗಾಹರ್ಟ್ಸ್ ಆರಿಸಿ, 1, 2, 4, 8, 16ರಿಂದ ಭಾಗಿಸಬಹುದು. ಈ ಎರಡಕ್ಕೂ ಕ್ರಿಸ್ಟಲ್‌ನ ಆಧಾರವಿದೆ, ನಂಬಬಹುದು. ಪಟ್ಟಿಯಲ್ಲಿ ಅಲೆಗೆರೆ (~) ಚಿಹ್ನೆಯೊಂದಿಗೆ ಕಾಣುವ ಉಳಿದ ಮೂಲಗಳು ಅಂದಾಜಿನವು; ಸಮಯ ಅಳೆಯುವ ಕೆಲಸಕ್ಕೆ ಅವು ಬೇಡ.

ತಪ್ಪು ಫ್ಯೂಸ್ (ಕ್ಲಾಕ್ ಎಲ್ಲಿಂದ ಬರಬೇಕು ಎಂಬಂಥ ಒಳ ಸೆಟ್ಟಿಂಗ್) ಬರೆದು ಮೂಕವಾದ ಎಟಿಮೆಗಾ328ಪಿ ಮೈಕ್ರೋಕಂಟ್ರೋಲರ್ ಚಿಪ್ಪನ್ನು ಎಬ್ಬಿಸಲು ಇದು ಹೇಳಿ ಮಾಡಿಸಿದ್ದು. 64 ಮೆಗಾಹರ್ಟ್ಸ್ ಅನ್ನು 16ರಿಂದ ಭಾಗಿಸಿ, ಆ 4 ಮೆಗಾಹರ್ಟ್ಸ್ ಅನ್ನು ಆ ಚಿಪ್ ಕ್ಲಾಕ್ ಪಡೆಯುವ ಎಕ್ಸ್‌ಟಾಲ್1 ಕಾಲಿಗೆ ಕೊಡಿ, ಗ್ರೌಂಡ್ ಸೇರಿಸಿ, ಪ್ರೋಗ್ರಾಮರ್‌ನಿಂದ ಫ್ಯೂಸ್ ತಿದ್ದಿ. ಚಿಪ್‌ಗೆ ವಿದ್ಯುತ್ ಫ್ಲಿಪ್ಪರ್‌ನ ಪಿನ್ 9ರ 3.3 ವೋಲ್ಟ್‌ನಿಂದಲೇ ಬರಲಿ, ಪ್ರೋಗ್ರಾಮರ್ ಕೂಡ 3.3 ವೋಲ್ಟ್‌ನದೇ ಆಗಿರಲಿ. 5 ವೋಲ್ಟ್ ಕೊಟ್ಟರೆ ಎಕ್ಸ್‌ಟಾಲ್1 ಕನಿಷ್ಠ 3.5 ವೋಲ್ಟ್ ಕೇಳುತ್ತದೆ, 3.3 ವೋಲ್ಟ್‌ನ ಕ್ಲಾಕ್ ಕೆಲವೊಮ್ಮೆ ತಾಗುತ್ತದೆ, ಕೆಲವೊಮ್ಮೆ ಇಲ್ಲ.

ಪಿಡಬ್ಲ್ಯೂಎಂ, ಅಂದರೆ ಪಲ್ಸ್‌ನ ಅಗಲ ಬದಲಿಸಬಹುದಾದ ಚೌಕ ಅಲೆ, ಪಿನ್ 2 ಅಥವಾ 4ರಲ್ಲಿ ಬರುತ್ತದೆ. ಪಿನ್ 2ರ ಟೈಮರ್ 64 ಮೆಗಾಹರ್ಟ್ಸ್ ಅನ್ನು ಪೂರ್ಣಾಂಕದಿಂದಷ್ಟೇ ಭಾಗಿಸಬಲ್ಲದು. ಕೆಳಗಿನ ಆವರ್ತನಗಳಲ್ಲಿ ಇದು ಗೊತ್ತಾಗುವುದೇ ಇಲ್ಲ, ಆದರೆ 700 ಕಿಲೋಹರ್ಟ್ಸ್ ಕೇಳಿದರೆ ಸಿಗುವುದು ಸುಮಾರು 703.3. ಪರದೆ ಮಾತ್ರ ನೀವು ಕೇಳಿದ್ದನ್ನೇ ತೋರಿಸುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಡ್ಯೂಟಿಯದು (ಪ್ರತಿ ಆವರ್ತದಲ್ಲಿ ಅಲೆ ಮೇಲಿರುವ ಪಾಲು): ಅದನ್ನು ಪೂರ್ಣ ಶೇಕಡಾದಲ್ಲೇ ಕೊಡಬೇಕು. 50 ಹರ್ಟ್ಸ್‌ನಲ್ಲಿ ಶೇ. 1 ಎಂದರೆ 200 ಮೈಕ್ರೋಸೆಕೆಂಡ್, ಹಾಗಾಗಿ ಪಲ್ಸ್‌ನ ಅಗಲ ನೋಡಿ ಕೋನಕ್ಕೆ ತಿರುಗುವ ಸರ್ವೋ ಮೋಟಾರ್‌ನ 1ರಿಂದ 2 ಮಿಲಿಸೆಕೆಂಡ್ ವ್ಯಾಪ್ತಿಯಲ್ಲಿ ಸಿಗುವುದು ಆರೇ ಸ್ಥಾನ. ಮಧ್ಯದ 1.5 ಮಿಲಿಸೆಕೆಂಡ್ ಅಂತೂ ಸಿಗುವುದೇ ಇಲ್ಲ. ಆವರ್ತನವನ್ನು 60 ಹರ್ಟ್ಸ್, ಡ್ಯೂಟಿಯನ್ನು ಶೇ. 9 ಮಾಡಿ, ಸರಿಯಾಗಿ 1.5 ಬರುತ್ತದೆ, ಸಾಮಾನ್ಯ ಸರ್ವೋಗಳು 60 ಹರ್ಟ್ಸ್‌ಗೆ ತಕರಾರು ಮಾಡುವುದಿಲ್ಲ. ಸರ್ವೋದ ವಿದ್ಯುತ್ ಬೇರೆ ಮೂಲದಿಂದ ಬರಲಿ, ಗ್ರೌಂಡ್ ಮಾತ್ರ ಒಂದಾಗಿರಲಿ.

ಪಿಡಬ್ಲ್ಯೂಎಂನಿಂದ ಸ್ಥಿರ ವೋಲ್ಟೇಜ್ ಬೇಕಾದರೆ 100 ಕಿಲೋಹರ್ಟ್ಸ್ ಇಟ್ಟು, 10 ಕಿಲೋಓಮ್ ರೆಸಿಸ್ಟರ್ ಮತ್ತು 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಶೇ. 50 ಡ್ಯೂಟಿಗೆ 1.65 ವೋಲ್ಟ್ ಬರುತ್ತದೆ, ಏರಿಳಿತ 1 ಮಿಲಿವೋಲ್ಟ್‌ಗಿಂತ ಕಡಿಮೆ. ಆದರೆ 100 ಕಿಲೋಓಮ್ ಲೋಡ್ ಸೇರಿಸಿದರೂ ಶೇ. 9ರಷ್ಟು ಕುಸಿಯುತ್ತದೆ, ಹಾಗಾಗಿ ಮುಂದೆ ಲೋಡ್‌ನ ಭಾರ ಹೊರುವ ಆಪ್‌ಆ್ಯಂಪ್ ಬಫರ್ ಇರಬೇಕು.

ಪ್ರತಿ ಪಿನ್‌ನ ಮಿತಿ 20 ಮಿಲಿಆ್ಯಂಪ್. ರಿಲೇ, ಮೋಟಾರ್‌ಗಳನ್ನು ನೇರ ಜೋಡಿಸಬೇಡಿ. ಟ್ರಾನ್ಸಿಸ್ಟರ್ ಮತ್ತು ಸುರುಳಿಗೆ ಅಡ್ಡಲಾಗಿ ಡಯೋಡ್ ಕಡ್ಡಾಯ. ಪಿನ್ 1ರ 5 ವೋಲ್ಟ್ ಬ್ಯಾಟರಿಯಲ್ಲಿದ್ದಾಗ ತಾನಾಗಿ ಬರುವುದಿಲ್ಲ, ಜಿಪಿಐಒ ಮೆನುವಿನಲ್ಲಿ ಆನ್ ಮಾಡಬೇಕು.

ಮೆಗಾಹರ್ಟ್ಸ್‌ಗಳಲ್ಲಿ ಅಲೆ ವಿಕಾರವಾಗಿ ಕಂಡರೆ ಮೊದಲು ತಂತಿಗಳನ್ನು ಗಿಡ್ಡ ಮಾಡಿ. ಆಸಿಲೋಸ್ಕೋಪ್ ಪ್ರೋಬನ್ನು 10 ಪಟ್ಟಿನ ಸ್ಥಾನಕ್ಕೆ ತಿರುಗಿಸಿ, ಗ್ರೌಂಡ್ ಕ್ಲಿಪ್ಪನ್ನು ಪಿನ್ 11ಕ್ಕೆ ಹಾಕಿ. ಅದು ಪಿನ್ 13ಕ್ಕೆ ಹತ್ತಿರದ ಗ್ರೌಂಡ್.