ಜಿಪ್ಸಿಗೆ ಪೀಣ್ಯದಲ್ಲಿ ಮಾಡಿಸಿದ ಕೂಲೆಂಟ್ ಪೈಪು: ಮೂರು ತಿಂಗಳ ನಂತರ

ನನ್ನ ಹಳೇ ಜಿಪ್ಸಿಗೆ ಹಳೇ ಬಲೆನೊ ಕಾರಿನ 1.6 ಲೀಟರ್ ಎಂಜಿನ್ ಕೂರಿಸಿದ್ದೇನೆ. ಆರ್‌ಟಿಓ ಅನುಮತಿ ತಗೊಂಡು, ಆರ್‌ಸಿಯಲ್ಲೂ ಬರೆಸಿದ್ದೇನೆ, ಆ ಪ್ರಶ್ನೆ ಬೇಡ. ಎಂಜಿನ್ ಬದಲಾದರೆ ಅದನ್ನು ತಣಿಸುವ ನೀರು, ಅಂದರೆ ಕೂಲೆಂಟ್, ಹೋಗುವ ಬರುವ ದಾರಿಯೂ ಬದಲಾಗುತ್ತೆ, ಕಂಪನಿ ಹೋಸ್ ಯಾವುದೂ ಹೊಂದಲ್ಲ. ಹಾಗಾಗಿ ಮಧ್ಯೆ ಲೋಹದ ಪೈಪು, ಎರಡು ತುದಿಗೆ ಗಿಡ್ಡ ಹೋಸು. ಎಂಜಿನ್ ಕೂರಿಸಿದ ಮೆಕ್ಯಾನಿಕ್ ಈ ಪೈಪಿಗೆ ನಲ್ಲಿ ಸಾಮಾನಿನ ಅಂಗಡಿಯಿಂದ ಜಿಐ ಪೈಪು (ಸತು ಲೇಪಿಸಿದ ಕಬ್ಬಿಣದ್ದು) ತಂದು, ಕತ್ತರಿಸಿ, ಹೋಸ್ ತೂರಿಸಿ, ಕ್ಲಿಪ್ ಬಿಗಿದು ಕೊಟ್ಟ. ಬೆಂಗಳೂರಲ್ಲಿ ನಾಲ್ಕು ತಿಂಗಳು ಏನೂ ಆಗಲಿಲ್ಲ. ಉಜಿರೆ ಕಡೆಯಿಂದ ಚಾರ್ಮಾಡಿ ಹತ್ತುವಾಗ ಡಬ್ ಅಂತ ಸದ್ದು, ಬಾನೆಟ್ ಸುತ್ತ ಹಬೆ. ಮೇಲಿನ ಹೋಸ್ ಪೈಪಿನಿಂದ ಪೂರ್ತಿ ಜಾರಿ ಬಂದಿತ್ತು. ಕ್ಲಿಪ್ ಬಿಗಿಯಾಗೇ ಇತ್ತು, ಅದೇ ತಮಾಷೆ. ಹೋಸ್ ಜೊತೆಗೇ ಅದೂ ಜಾರಿತ್ತು.

ಆಮೇಲೆ ಸ್ನೇಹಿತನೊಬ್ಬ ಪೀಣ್ಯದ ಒಂದು ಸಣ್ಣ ಶೆಡ್ಡಿಗೆ ಕಳಿಸಿದ. ಹೆಸರು ಹಾಕಬೇಡಿ ಅಂದಿದ್ದಾರೆ. ಅವರ ಮುಖ್ಯ ಕೆಲಸ ಹಾಲಿನ ಡೈರಿಗಳಿಗೆ ಸ್ಟೀಲ್ ಪೈಪು ಜೋಡಿಸೋದು, ಗಾಡಿಯವರು ಸಾಲುಗಟ್ಟಿದರೆ ಕಷ್ಟವಂತೆ. ಮಾಲೀಕರಿಗೆ ಅರವತ್ತರ ಹತ್ತಿರ. ನನ್ನ ಜಿಐ ಪೈಪು ಕೈಗೆ ತಗೊಂಡು ತುದಿಯನ್ನು ಹೆಬ್ಬೆರಳಲ್ಲಿ ಒಂದು ಸುತ್ತು ಸವರಿದರು. "ಸಾರ್, ಇದಕ್ಕೆ ತುಟಿನೇ ಇಲ್ಲವಲ್ಲ, ಹೋಸ್ ಏನನ್ನ ಹಿಡ್ಕೋಬೇಕು?" ಅಂದರು.

ತುಟಿ ಅಂದರೆ ಪೈಪಿನ ತುದಿಯಲ್ಲಿ ಸುತ್ತಲೂ ಎದ್ದಿರುವ ಸಣ್ಣ ಉಬ್ಬು. ಬೀಡಿಂಗ್ ಅಂತಲೂ ಹೇಳ್ತಾರೆ. ಯಾವ ಕಾರಿನ ರೇಡಿಯೇಟರ್ ಮೂತಿ ನೋಡಿದರೂ ಇರುತ್ತೆ, ನಾವು ಗಮನಿಸಿರಲ್ಲ ಅಷ್ಟೇ. ಹೋಸ್ ಆ ಉಬ್ಬು ದಾಟಿ ಒಳಗೆ ಹೋಗಬೇಕು, ಕ್ಲಿಪ್ ಉಬ್ಬಿನ ಹಿಂದೆ ಕೂರಬೇಕು. ಆಗ ಹೋಸ್ ಎಷ್ಟು ಎಳೆದರೂ ಕ್ಲಿಪ್ ಉಬ್ಬಿಗೆ ತಗುಲಿ ನಿಲ್ಲುತ್ತೆ. ಉಬ್ಬಿನ ಮೇಲೇ ಕ್ಲಿಪ್ ಹಾಕೋರೂ ಇದ್ದಾರೆ, ಅದು ಇನ್ನೂ ಕೆಡುಕು. ಎಷ್ಟು ಎಳೆತ ಬೀಳುತ್ತೆ ಅಂತ ಅಲ್ಲೇ ನಿಂತು ಲೆಕ್ಕ ಹಾಕಿದೆ. ರೇಡಿಯೇಟರ್ ಮುಚ್ಚಳ ತಡೆಯುವ ಒತ್ತಡ 0.9 ಬಾರ್, ಹೋಸಿನ ಒಳಗಿನ ಅಳತೆ 38 ಎಂಎಂ, ಸುಮಾರು 10 ಕೆಜಿ ಆಯ್ತು. ಬಿಸಿಯಾದ ಹೋಸಿಗೆ ಹತ್ತು ಕೆಜಿ ಅಕ್ಕಿ ಚೀಲ ನೇತು ಹಾಕಿ ಗಾಡಿ ಓಡಿಸಿದ ಹಾಗೆ! ನುಣ್ಣನೆ ಪೈಪಿನ ಮೇಲೆ ಅದು ನಾಲ್ಕು ತಿಂಗಳು ನಿಂತಿದ್ದೇ ದೊಡ್ಡದು. ಜಿಐ ಪೈಪಿನ ಇನ್ನೊಂದು ತೊಂದರೆಯನ್ನೂ ಅವರೇ ತೋರಿಸಿದರು. ಒಳಗಿನ ಸತು ಕೂಲೆಂಟ್ ಜೊತೆ ಸೇರಿ ಬಿಳಿ ಗಸಿ ಕಟ್ಟಿತ್ತು, ಉಗುರಲ್ಲಿ ಕೆರೆದರೆ ಪುಡಿ ಬಂತು. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಅದು ಎಷ್ಟು ಕೂತಿದೆಯೋ.

ಹೊಸ ಪೈಪು ಒಟ್ಟು ಮೂರು, ಎಲ್ಲವೂ 304 ಸ್ಟೇನ್‌ಲೆಸ್ ಸ್ಟೀಲು, ಡೈರಿಗೆ ಬಳಸುವ 38 ಎಂಎಂ ಪೈಪೇ, ದಪ್ಪ 1.65 ಎಂಎಂ. ಅಲ್ಯೂಮಿನಿಯಂ ಕೇಳಿದ್ದೆ, ತೂಕ ಕಡಿಮೆ ಅಂತ. "ಮಾಡ್ಬಹುದು, ಆದ್ರೆ ಅಲುಗಾಟಕ್ಕೆ ಬೆಸುಗೆ ಹತ್ರ ಬಿರುಕು ಬಿಟ್ರೆ ನನ್ನ ಬೈಬೇಡಿ" ಅಂದರು, ಸುಮ್ನಾದೆ. ಬೆಸುಗೆ ಹಾಕುವಾಗ ಪೈಪಿನ ಎರಡೂ ಬಾಯಿ ಟೇಪಿನಲ್ಲಿ ಮುಚ್ಚಿ, ಒಳಗೆ ಗಾಳಿ ಉಳಿಯದಂತೆ ಅಲ್ಲೂ ಆರ್ಗಾನ್ ಅನಿಲ ಬಿಟ್ಟರು. ಹಾಗೆ ಮಾಡದಿದ್ದರೆ ಒಳಮೈಯಲ್ಲಿ ಕಪ್ಪಗೆ ಹರಳುಗಟ್ಟುತ್ತೆ, ಅದೇ ಮುಂದೆ ಉದುರಿ ಪಂಪಿಗೆ ಹೋಗುತ್ತೆ. ಹಾಲಿನ ಪೈಪಿನಲ್ಲಿ ಅಂಥದ್ದು ನಡೆಯಲ್ಲ, ಅಭ್ಯಾಸ ಇಲ್ಲಿಗೂ ಬಂದಿದೆ. ತುಟಿ ಮಾಡಿದ್ದು ಕೈಯಲ್ಲಿ ತಿರುಗಿಸುವ ಎರಡು ರೋಲರಿನ ಯಂತ್ರದಲ್ಲಿ. ಸುಮಾರು 2 ಎಂಎಂ ಎತ್ತರ, ಚೂಪಿಲ್ಲ, ಬಟ್ಟೆ ಎಳೆದರೂ ಸಿಕ್ಕಿಕೊಳ್ಳಲಿಲ್ಲ.

ನನಗೆ ಖುಷಿಯಾಗಿದ್ದು ಪರೀಕ್ಷೆ. ಒಂದು ಬಾಯಿಗೆ ರಬ್ಬರ್ ಬಿರಡೆ, ಇನ್ನೊಂದಕ್ಕೆ ಟ್ಯೂಬಿನ ವಾಲ್ವ್ ಇರುವ ಬಿರಡೆ. 2 ಕೆಜಿ ಒತ್ತಡದ ಗಾಳಿ ತುಂಬಿ ನೀರಿನ ತೊಟ್ಟಿಗೆ ಇಳಿಸಿದರು. ಎರಡು ಪೈಪು ಪಾಸು. ಮೂರನೇದರಲ್ಲಿ, ಬೆಂಡಿನ ಒಳಮಗ್ಗುಲಲ್ಲಿ, ಸಾಸಿವೆ ಗಾತ್ರದ ಗುಳ್ಳೆ, ಐದಾರು ಸೆಕೆಂಡಿಗೊಂದು. ನಾನಾಗಿದ್ದರೆ ನಡೆಯುತ್ತೆ ಬಿಡಿ ಅನ್ನುತ್ತಿದ್ದೆ. ಅವರು ಉಜ್ಜಿ ತೆಗೆದು ಮತ್ತೆ ಬೆಸುಗೆ ಹಾಕಿದರು.

ಈಗ ಬೇಸರದ ವಿಷಯಗಳು. ನಾಲ್ಕು ದಿನ ಅಂದಿದ್ದು ಹದಿಮೂರು ದಿನ ಆಯ್ತು, ಫೋನ್ ಎತ್ತಲ್ಲ. ಗಾಡಿ ಅವರ ಪರಿಚಯದ ವಸ್ತು ಅಲ್ಲ, ಹಾಗಾಗಿ ಮೇಲಿನ ಪೈಪಿನ ಎತ್ತರದ ಜಾಗದಲ್ಲಿ ಗಾಳಿ ಬಿಡುವ ನಿಪ್ಪಲ್ ಇರಬೇಕು ಅನ್ನೋದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮೊದಲ ದಿನವೇ ಏರ್ ಲಾಕ್, ಅಂದರೆ ಗಾಳಿ ಸಿಕ್ಕಿಕೊಂಡು ಕೂಲೆಂಟಿಗೆ ಅಡ್ಡ. ವಾಪಸ್ ಹೋಗಿ ಹಾಕಿಸಿದೆ, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಜೊತೆಗೆ ಕೊಟ್ಟ ಕ್ಲಿಪ್ಪುಗಳು ಮಾತ್ರ ಕಳಪೆ. ಪಟ್ಟಿಯಲ್ಲಿ ಸೀಳಿದ ಗೆರೆಗಳು ರಬ್ಬರನ್ನು ಕಚ್ಚುತ್ತವೆ, ಬಿಗಿದಷ್ಟೂ ಹೋಸ್ ಕತ್ತರಿಸುತ್ತೆ. ಜೆ.ಸಿ. ರಸ್ತೆಯಲ್ಲಿ ಅಂಚು ಮಡಚಿದ, ಒಳಮೈ ನುಣುಪಾದ ಕ್ಲಿಪ್ ತಗೊಂಡೆ.

ಜೋಡಿಸಿದ್ದು ನಾನೇ. ಹೋಸ್ ಒಳಗೆ ಗ್ರೀಸ್ ಹಚ್ಚಬೇಡಿ, ಎಣ್ಣೆ ಪದಾರ್ಥ ಆ ರಬ್ಬರಿಗೆ ಆಗಲ್ಲ. ಸ್ವಲ್ಪ ಕೂಲೆಂಟೇ ಸವರಿದರೆ ಜಾರಿ ಕೂರುತ್ತೆ. ಪೈಪನ್ನು ಚಾಸಿಗೆ ರಬ್ಬರ್ ಇಟ್ಟ ಪಟ್ಟಿಯಲ್ಲಿ ಹಿಡಿಸಿ, ಎಂಜಿನ್ ಕಡೆ ಒಂದು ಅಂಗೈ ಅಗಲ ಹೋಸ್ ಬಿಟ್ಟಿದ್ದೇನೆ, ಎಂಜಿನ್ ಅಲುಗಾಡಲಿ ಅಂತ. ಒಂದು ಸಲ ಪೂರ್ತಿ ಬಿಸಿಯಾಗಿ ತಣಿದ ಮೇಲೆ ಕ್ಲಿಪ್ಪುಗಳನ್ನು ಮತ್ತೆ ಬಿಗಿದೆ. ಅರ್ಧ ಸುತ್ತು ತಗೊಂಡವು.

ಮೂರು ಪೈಪಿಗೆ 4,200 ರೂಪಾಯಿ, ಬಿಲ್ ಇಲ್ಲ. ಜಾಸ್ತಿ ಅನ್ನಿಸಬಹುದು, ಜಿಐ ಪೈಪಿಗೆ 600 ಕೊಟ್ಟಿದ್ದೆ ನಾನು. ಕಳೆದ ವಾರ ಮತ್ತೆ ಚಾರ್ಮಾಡಿ ಹತ್ತಿದೆ, ಮಧ್ಯಾಹ್ನ, ನಾಲ್ಕು ಜನ, ಎರಡನೇ ಗೇರು. ಮೀಟರಿನ ಮುಳ್ಳು ಅರ್ಧ ದಾಟಲಿಲ್ಲ. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ಹೇಳಿ, ಅದು ಬರುವಷ್ಟರಲ್ಲಿ ಬಾನೆಟ್ ಎತ್ತಿ ಪ್ರತಿ ಜೋಡಣೆಯ ಕೆಳಗೂ ಟಿಶ್ಯೂ ಒತ್ತಿ ನೋಡಿದೆ. ಎಲ್ಲವೂ ಒಣಗಿತ್ತು.