ವೋರ್ಟರ್‌ಬುಖ್‌ನೆಟ್ಸ್: ನಾಲ್ಕು ವರ್ಷ ದಿನಾ ಬಳಸಿದ ಮೇಲೆ

ಊರು ಮಂಡ್ಯ, ಓದು ಮೈಸೂರಲ್ಲಿ. ವಿಷಯ ಹಳೆಯ ಜರ್ಮನಿಕ್ ಭಾಷೆಗಳು. ಇಲ್ಲಿ ಕೂತು ಇದನ್ನು ಓದಲು ಆಗುತ್ತಿದ್ದರೆ ಅದಕ್ಕೆ ದೊಡ್ಡ ಕಾರಣ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದವರು ನಡೆಸುವ ಈ ನಿಘಂಟು ಜಾಲತಾಣ. ನಯಾಪೈಸೆ ಖರ್ಚಿಲ್ಲ.

ಮೊದಲ ವರ್ಷ ನಾನು ಹೋಗುತ್ತಿದ್ದ ಗ್ರಂಥಾಲಯದಲ್ಲಿ ಜರ್ಮನ್ ಪುಸ್ತಕಗಳೆಂದರೆ ಒಂದೂವರೆ ಕಪಾಟು. ಮಧ್ಯಕಾಲದ ಜರ್ಮನ್‌ಗೆ ಇದ್ದದ್ದು ಒಂದೇ ವ್ಯಾಕರಣ, ಅದರ ಕೊನೆಯ ಪುಟಗಳು ಕಿತ್ತುಹೋಗಿದ್ದವು. ಪದಪಟ್ಟಿ ಇದ್ದದ್ದೇ ಆ ಪುಟಗಳಲ್ಲಿ. ಅವತ್ತು ನಿಜಕ್ಕೂ ಅಳು ಬಂದಿತ್ತು.

ತಾಣದ ಜೀವಾಳ ಗ್ರಿಮ್ ಸಹೋದರರಾದ ಯಾಕೋಬ್ ಮತ್ತು ವಿಲ್ಹೆಲ್ಮ್ ಶುರುಮಾಡಿದ ಜರ್ಮನ್ ನಿಘಂಟು. 1838ರಲ್ಲಿ ಕೈಗೆತ್ತಿಕೊಂಡರು, ಮೊದಲ ಸಂಪುಟ ಬಂದದ್ದು 1854ರಲ್ಲಿ. ವಿಲ್ಹೆಲ್ಮ್ 'ಡಿ' ಅಕ್ಷರ ಮುಗಿಸಿ 1859ರಲ್ಲಿ ತೀರಿಕೊಂಡರು. ಯಾಕೋಬ್ 1863ರಲ್ಲಿ ಹೋದಾಗ ಕೈಯಲ್ಲಿದ್ದ ಪದ 'ಫ್ರುಖ್ಟ್', ಅಂದರೆ ಹಣ್ಣು. ಆಮೇಲೆ ತಲೆಮಾರುಗಳು ದುಡಿದು 32 ಸಂಪುಟ ಮುಗಿಸುವಷ್ಟರಲ್ಲಿ 1961 ಬಂತು. ಹೊಸಬರು ಒಂದು ಮಾತು ನೆನಪಿಡಿ: ಯಾಕೋಬ್ ಅರ್ಥ ಕೊಡುವುದು ಬಹುಪಾಲು ಲ್ಯಾಟಿನ್‌ನಲ್ಲಿ. 'ಬೌಮ್' (ಮರ) ತೆಗೆದರೆ ಎದುರಾಗುವುದು ಲ್ಯಾಟಿನ್‌ನ 'ಆರ್ಬೊರ್', ಪಕ್ಕದಲ್ಲೇ ಜರ್ಮನ್‌ನ ಹಳೆಯ ಸೋದರ ಭಾಷೆ ಗಾಥಿಕ್‌ನ 'ಬಾಗ್ಮ್ಸ್'. ಇವತ್ತಿನ ಜರ್ಮನ್‌ನಂತೆ ನಾಮಪದಗಳ ಮೊದಲಲ್ಲಿ ದೊಡ್ಡಕ್ಷರವೂ ಇಲ್ಲ. ನನಗೆ ಒಗ್ಗಲು ಎರಡು ತಿಂಗಳು ಹಿಡಿಯಿತು.

ನನ್ನನ್ನು ಪೂರ್ತಿ ಗೆದ್ದದ್ದು ಮಾತ್ರ ಅದೇ ತಾಣದಲ್ಲಿರುವ, ಮಧ್ಯಕಾಲದ ಜರ್ಮನ್‌ನ ಲೆಕ್ಸರ್ ನಿಘಂಟು (1872ರಿಂದ 1878, ಮೂರು ಸಂಪುಟ). ಆ ಕಾಲದ ವೀರಕಾವ್ಯ 'ನಿಬೆಲುಂಗನ್‌ಲೀಡ್' ಓದುವಾಗ 'ಹೋಖ್‌ಗೆತ್ಸೀಟ್' ಬಂದಲ್ಲೆಲ್ಲ ನಾನು ಮದುವೆ ಎಂದೇ ಬರೆದುಕೊಂಡಿದ್ದೆ, ಇವತ್ತಿನ ಜರ್ಮನ್‌ನಲ್ಲಿ 'ಹೋಖ್‌ಟ್ಸೈಟ್' ಎಂದರೆ ಮದುವೆಯೇ ಅಲ್ಲವೇ. ಒಂದು ಕಡೆ ಮದುವೆಯ ಸುಳಿವೇ ಇಲ್ಲ, ಅರಮನೆಯಲ್ಲಿ ಊಟ, ಕುಣಿತ. ಲೆಕ್ಸರ್ ತೆಗೆದೆ: ದೊಡ್ಡ ಹಬ್ಬ, ಉತ್ಸವ. ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ನೋಟ್‌ಬುಕ್‌ನ ಹದಿನಾಲ್ಕು ಕಡೆ 'ಮದುವೆ' ಹೊಡೆದು ಹಾಕಿ, ಒಂದೊಂದನ್ನೂ ಮತ್ತೆ ಓದಿ ನೋಡಿದೆ.

ಇವತ್ತಿನ ಬಳಕೆ ಬೇಕಾದರೆ ಇದು ಸಾಲದು. ಅದಕ್ಕೆ ಬರ್ಲಿನ್ ಅಕಾಡೆಮಿಯ ಜರ್ಮನ್ ನಿಘಂಟು ತಾಣ ಡಿಡಬ್ಲ್ಯುಡಿಎಸ್ ನೋಡಿ, ಅದೂ ಉಚಿತ.

ಕ್ಯಾಂಪಸ್ಸಿನ ಋಣ ಬೇರೆಯೇ ಇದೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸಂಜೆ ನಡೆಯುವಾಗ ಕನ್ನಡ ಎಂ.ಎ. ಗೆಳತಿಯೊಬ್ಬಳು ಕಿಟ್ಟೆಲ್ ನಿಘಂಟು ತೆರೆಯಲು ಹಚ್ಚಿದಳು. ಆತನೂ ಜರ್ಮನಿಯವನೇ, ನಿಘಂಟು ಅಚ್ಚಾದದ್ದು 1894ರಲ್ಲಿ, ಮಂಗಳೂರಲ್ಲಿ. ಕನ್ನಡ ಪದದ ಜೊತೆ ತಮಿಳು, ತೆಲುಗು, ತುಳು ರೂಪಗಳನ್ನು ಪೋಣಿಸಿರುವ ರೀತಿ ನೋಡಿದಾಗ, ಯಾಕೋಬ್ ಗಾಥಿಕ್ ರೂಪ ಯಾಕೆ ಕೊಡುತ್ತಾನೆ ಎಂಬುದು ನನಗೆ ಹೊಳೆಯಿತು. ನನ್ನ ಮಟ್ಟಿಗೆ ಯಾವ ತರಗತಿಯೂ ಇಷ್ಟು ಸಲೀಸಾಗಿ ಅದನ್ನು ಕಲಿಸಿರಲಿಲ್ಲ.

ಈಗ ಶನಿವಾರ ಸಂಜೆ ನಾವು ನಾಲ್ವರು ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು 'ನಿಬೆಲುಂಗನ್‌ಲೀಡ್'ನ ಎರಡೆರಡು ಪದ್ಯ ಓದುತ್ತೇವೆ. ಕಳೆದ ವಾರ ಹದಿನೇಳನೇ ಪದ್ಯದವರೆಗೆ ಬಂದೆವು.