ಬಾಟಲಿ ಕಟರ್ ಕಿಟ್ ವಿಮರ್ಶೆ: ಗೀರು ಎಳೆಯಲು ಒಂದು ನಿಮಿಷ, ಅಂಚು ತಿದ್ದಲು ಅರ್ಧ ಗಂಟೆ

ಖಾಲಿ ಗಾಜಿನ ಬಾಟಲಿಯಿಂದ ಪೆನ್ ಸ್ಟ್ಯಾಂಡ್, ಗಿಡದ ಕುಂಡ, ದೀಪದ ಕವಚ ಮಾಡಿಕೊಳ್ಳಬಹುದು ಎಂದು ಈ ಕಿಟ್‌ಗಳ ಡಬ್ಬಿಯ ಮೇಲೆ ಬರೆದಿರುತ್ತದೆ. ಮಾತು ಸುಳ್ಳಲ್ಲ. ಆದರೆ ಉಪಕರಣ ತನ್ನ ಪುಟ್ಟ ಚೂಪು ಚಕ್ರದಿಂದ ಮಾಡಿಕೊಡುವುದು ಒಂದು ತೆಳು ಗೀರು ಮಾತ್ರ. ಆ ಗೀರಿನಲ್ಲೇ ಗಾಜು ಒಡೆಯುವಂತೆ ಮಾಡುವುದು, ಒಡೆದ ಅಂಚನ್ನು ಕೈ ಕುಯ್ಯದಷ್ಟು ನುಣುಪಾಗಿಸುವುದು ನಮ್ಮ ಕೆಲಸ. ಇದನ್ನು ತಿಳಿದು ಕೊಂಡವರಿಗೆ ಕಿಟ್ ಬಹುಕಾಲ ಉಪಯೋಗಕ್ಕೆ ಬರುತ್ತದೆ. ತಿಳಿಯದೆ ಕೊಂಡರೆ ಎರಡು ಬಾಟಲಿ ಒಡೆದ ಮೇಲೆ ಅದೇ ಕಸವಾಗುತ್ತದೆ.

ಕೊಳ್ಳುವ ಮೊದಲು ಬಾಟಲಿಯನ್ನು ಕತ್ತರಿಸಲೇಬೇಕೇ ಎಂದು ಯೋಚಿಸಿ. ತೊಳೆದು ಮತ್ತೆ ತುಂಬಿಸಲು ಕಂಪನಿಯೇ ವಾಪಸ್ ಪಡೆಯುವ ಬಾಟಲಿಗೆ ಕಟರ್ ಹಚ್ಚಬೇಡಿ. ಮರುಬಳಕೆಯಲ್ಲಿ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅಗಲ ಬಾಯಿಯ ಜಾಡಿ ಇದ್ದ ಹಾಗೆಯೇ ಡಬ್ಬಿಯಾಗುತ್ತದೆ. ಈ ಕಟರ್‌ಗೆ ಹೇಳಿ ಮಾಡಿಸಿದ್ದು ಕಿರಿದಾದ ಕತ್ತಿನ, ನೇರ ಗೋಡೆಯ, ದುಂಡನೆಯ ಬಾಟಲಿ. ಚೌಕಾಕಾರದ್ದು ಕಟರ್‌ನ ಉರುಳೆಗಳ ಮೇಲೆ ತಿರುಗುವುದೇ ಇಲ್ಲ. ಉಬ್ಬಕ್ಷರಗಳಿರುವ ಜಾಗದಲ್ಲಿ ಚಕ್ರ ಎಗರುತ್ತದೆ. ಗಟ್ಟಿಯಾಗಲೆಂದು ಕಾಯಿಸಿ ಥಟ್ಟನೆ ತಣಿಸಿದ ಟೆಂಪರ್ಡ್ ಗಾಜನ್ನಂತೂ ಮುಟ್ಟಲೇಬಾರದು, ಒಮ್ಮೆ ಒಡೆದರೆ ಇಡೀ ಪಾತ್ರೆ ಚೂರುಚೂರಾಗುತ್ತದೆ. ಒಲೆ, ಓವನ್‌ಗೆ ಬಳಸುವ ಬೋರೋಸಿಲಿಕೇಟ್ ಗಾಜು ಸಾಮಾನ್ಯ ಬಾಟಲಿ ಗಾಜಿನ ಸುಮಾರು ಮೂರನೇ ಒಂದರಷ್ಟು ಮಾತ್ರ ಬಿಸಿಗೆ ಹಿಗ್ಗುವುದರಿಂದ, ಗೀರಿನ ಮೇಲೆ ಬಿಸಿನೀರು, ತಣ್ಣೀರು ಸುರಿದು ಬೇರ್ಪಡಿಸುವ ಉಪಾಯಕ್ಕೆ ಬಗ್ಗುವುದಿಲ್ಲ.

ಮಾರುಕಟ್ಟೆಯಲ್ಲಿ ಎರಡು ಬಗೆ ಸಿಗುತ್ತವೆ. ಒಂದರಲ್ಲಿ ಬಾಟಲಿಯ ಬಾಯಿಗೆ ಬಿರಡೆಯಂಥದ್ದನ್ನು ಕೂರಿಸಿ, ಅದಕ್ಕೆ ಜೋಡಿಸಿದ ತೋಳನ್ನು ಹೊರಗಿನಿಂದ ಸುತ್ತಿಸಬೇಕು. ಬಾಯಿಯ ಅಳತೆಗೆ ಬಿರಡೆ ಬಿಗಿಯಾಗಿ ಕೂರದಿದ್ದರೆ ತೋಳು ಅಲ್ಲಾಡಿ ಗೀರು ಸೊಟ್ಟಗಾಗುತ್ತದೆ. ಇನ್ನೊಂದರಲ್ಲಿ ಬಾಟಲಿಯನ್ನು ಉರುಳೆಗಳ ಮೇಲೆ ಅಡ್ಡ ಮಲಗಿಸಿ ತಿರುಗಿಸಬೇಕು. ಹೊಸಬರಿಗೆ ಈ ಎರಡನೆಯದೇ ವಾಸಿ. ಅದರಲ್ಲೂ ಉರುಳೆಗಳು ಲೋಹದ್ದಾಗಿದ್ದು, ತಳ ತಾಗಿ ನಿಲ್ಲುವ ತಡೆಪಟ್ಟಿಯನ್ನು ಸ್ಕ್ರೂ ಹಾಕಿ ಬಿಗಿಯುವಂತಿರಬೇಕು. ಇಡೀ ಯಂತ್ರದಲ್ಲಿ ಮುಖ್ಯವಾದದ್ದು ಆ ತಡೆಪಟ್ಟಿ: ಅದು ಕೂದಲೆಳೆಯಷ್ಟು ಸರಿದರೂ ಗೀರಿನ ಕೊನೆ ಮೊದಲಿಗೆ ಬಂದು ಸೇರುವುದಿಲ್ಲ.

ಕಿಟ್‌ನಲ್ಲಿ ಬರುವ ಉಳಿದ ಸಾಮಾನುಗಳ ಮೇಲೆ ಭರವಸೆ ಬೇಡ. ತೆಳು ಬಟ್ಟೆಯ ಕೈಗವಸು ಗಾಜನ್ನು ತಡೆಯುವುದಿಲ್ಲ. ಎಮರಿ ಕಾಗದ ಎಷ್ಟೋ ಸಲ ಮರಕ್ಕೆ ಬಳಸುವ ಬಗೆಯದ್ದೇ ಆಗಿರುತ್ತದೆ. ಗಾಜಿನ ಮೇಲೆ ಬೇಗ ಸವೆಯುತ್ತದೆ, ನೀರು ತಾಗಿದರೆ ಹರಿಯುತ್ತದೆ. ಕಣ್ಣಿನ ರಕ್ಷಣೆಗೆ ಕನ್ನಡಕ ಸಾಮಾನ್ಯವಾಗಿ ಇರುವುದೇ ಇಲ್ಲ. ಕುಯ್ತ ತಡೆಯುವ ಕೈಗವಸು, ಕನ್ನಡಕ, ಸಿಲಿಕಾನ್ ಕಾರ್ಬೈಡ್‌ನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಈ ಮೂರನ್ನೂ ಬೇರೆಯಾಗಿ ತಂದಿಟ್ಟುಕೊಳ್ಳಿ.

ಲೇಬಲ್ ಇರುವ ಬಾಟಲಿಯನ್ನು ಬಿಸಿನೀರಿಗೆ ಸ್ವಲ್ಪ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ. ಉಳಿದ ಅಂಟನ್ನು ಅಡುಗೆ ಎಣ್ಣೆ ಸವರಿ ಉಜ್ಜಿ ತೆಗೆದು, ಸೋಪು ಹಾಕಿ ತೊಳೆದು ಪೂರ್ತಿ ಒಣಗಿಸಿ. ಅಂಟಿನ ಚುಕ್ಕಿ ಉಳಿದರೂ ಬಾಟಲಿ ಉರುಳೆಯ ಮೇಲೆ ಏರಿಳಿಯುತ್ತದೆ.

ಗೀರುವಾಗ ಚಕ್ರಕ್ಕೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಬಾಟಲಿಯ ತಳವನ್ನು ತಡೆಪಟ್ಟಿಗೆ ಒತ್ತಿ ಹಿಡಿದು, ಚಕ್ರದ ಕಡೆಗೆ ಹಗುರವಾಗಿ ಅದುಮಿ, ಒಂದೇ ದಿಕ್ಕಿಗೆ ನಿಧಾನವಾಗಿ ತಿರುಗಿಸಿ. ಸಣ್ಣಗೆ ಕಿರ್ ಎನ್ನುವ ಸದ್ದು ನಡುವೆ ನಿಲ್ಲದೆ ಕೇಳಬೇಕು. ಗೀರು ಆರಂಭದ ಜಾಗಕ್ಕೆ ಬಂದು ಕೂಡಿದಾಗ ಸಣ್ಣದಾಗಿ ಟಿಕ್ ಎನ್ನುತ್ತದೆ, ಅಲ್ಲಿಗೆ ನಿಲ್ಲಿಸಿ. ಹೆಚ್ಚಿನವರು ಕೆಡಿಸುವುದು ಇಲ್ಲಿಯೇ. ಗೀರು ಕಣ್ಣಿಗೆ ತೆಳುವಾಗಿ ಕಂಡಿತೆಂದು ಇನ್ನೊಂದು ಸುತ್ತು ಹಾಕುತ್ತಾರೆ. ಎರಡನೆಯ ಗೀರು ಮೊದಲನೆಯದರ ಮೇಲೆಯೇ ಕೂರುವುದು ಅಪರೂಪ. ಪಕ್ಕದಲ್ಲಿ ಇನ್ನೊಂದು ದಾರಿ ತೆರೆದು ಬಿರುಕು ಎರಡೂ ಕಡೆ ಹರಿದಾಡುತ್ತದೆ, ಚಕ್ರದ ಮೊನೆಯೂ ಮೊಂಡಾಗುತ್ತದೆ. ಗೀರಿನುದ್ದಕ್ಕೂ ಬಿಳಿ ಪುಡಿ, ಸಣ್ಣ ಚಕ್ಕೆ ಎದ್ದಿದ್ದರೆ ಒತ್ತಡ ಹೆಚ್ಚಾಯಿತು ಎಂದರ್ಥ. ಒಳ್ಳೆಯ ಗೀರು ಬೆಳಕಿಗೆ ಹಿಡಿದಾಗ ಮಾತ್ರ ಬೆಳ್ಳಿಯ ಎಳೆಯಂತೆ ಹೊಳೆಯುತ್ತದೆ.

ಇನ್ನು ಬೇರ್ಪಡಿಸುವುದು. ಗಾಜು ಶಾಖವನ್ನು ನಿಧಾನವಾಗಿ ಸಾಗಿಸುತ್ತದೆ. ಆದ್ದರಿಂದ ಬಿಸಿ ತಾಗಿದ ಭಾಗ ಹಿಗ್ಗಿದರೂ ಅಕ್ಕಪಕ್ಕದ್ದು ಹಾಗೇ ಇರುತ್ತದೆ. ತಕ್ಷಣ ತಣ್ಣೀರು ಬಿದ್ದರೆ ಮೇಲ್ಮೈ ಕುಗ್ಗಲು ಹೋಗಿ ಎಳೆತ ಹುಟ್ಟುತ್ತದೆ, ಎಳೆತವೆಲ್ಲ ಗೀರಿನ ತುದಿಯಲ್ಲಿ ಸೇರಿ ಬಿರುಕಾಗುತ್ತದೆ. ಹಾಗಾಗಿ ಕುದಿಯುವ ನೀರನ್ನು ಸಣ್ಣ ಮೂತಿಯ ಕೆಟಲ್‌ನಿಂದ ಗೀರಿನ ಮೇಲಷ್ಟೇ ಬೀಳುವಂತೆ, ಬಾಟಲಿ ತಿರುಗಿಸುತ್ತಾ ಸುಮಾರು 10 ಸೆಕೆಂಡು ಸುರಿಯಿರಿ. ಆಮೇಲೆ ಅದೇ ಗೀರನ್ನು ನಲ್ಲಿಯ ತಣ್ಣೀರಿಗೆ ಹಿಡಿದು ಸುತ್ತಿಸಿ. ಮೂರು ನಾಲ್ಕು ಸಲ ಹೀಗೆ ಮಾಡುವಷ್ಟರಲ್ಲಿ ತಲೆಭಾಗ ತಾನಾಗಿ ಕಳಚುತ್ತದೆ. ಸಿಂಕಿನಲ್ಲಿ ದಪ್ಪ ಬಟ್ಟೆ ಹಾಸಿರಿ, ಕಳಚಿದ ತುಂಡು ಬಿದ್ದು ಒಡೆಯುವುದು ತಪ್ಪುತ್ತದೆ. ಕೈಯಿಂದ ಎಳೆಯುವುದು, ತಿರುಚುವುದು ಬೇಡ.

ಐಸ್ ನೀರು ಬಳಸಿದರೆ ಕೆಲಸ ಬೇಗ ಆಗುತ್ತದೆ ಎಂಬ ಸಲಹೆ ಎಲ್ಲೆಡೆ ಹರಿದಾಡುತ್ತಿದೆ. ತೆಳು ಗಾಜಿಗೆ ಅದು ಅತಿಯಾದ ಪೆಟ್ಟು, ಬಿರುಕು ಗೀರು ಬಿಟ್ಟು ಮೇಲಕ್ಕೆ ಓಡುತ್ತದೆ. ಸ್ಪಿರಿಟ್ ಅಥವಾ ಅಸಿಟೋನ್‌ನಲ್ಲಿ ಅದ್ದಿದ ದಾರ ಸುತ್ತಿ ಬೆಂಕಿ ಹಚ್ಚುವ ವಿಧಾನ ಇನ್ನೂ ಕೆಟ್ಟದ್ದು. ಶಾಖ ಅಗಲವಾಗಿ ಹರಡಿ ಅಂಚು ಅಲೆಅಲೆಯಾಗುತ್ತದೆ, ಬೆಂಕಿಯ ಅಪಾಯ ಬೇರೆ. ಸರಿಯಾಗಿ ಮಾಡಿದರೂ ಕೆಲವು ಬಾಟಲಿಗಳು ಸೊಟ್ಟಗೆ ಸೀಳುತ್ತವೆ. ಅಚ್ಚಿನ ಎರಡು ಭಾಗ ಕೂಡಿದ ಕಡೆ ಬಾಟಲಿಯ ಎದುರುಬದುರಿಗೆ ಎರಡು ಉದ್ದ ಗೆರೆಗಳಿರುತ್ತವೆ. ಬಿರುಕು ದಾರಿ ತಪ್ಪುವುದು ಹೆಚ್ಚಾಗಿ ಆ ಗೆರೆಯ ಬಳಿ, ಇಲ್ಲವೇ ಗೋಡೆಯ ದಪ್ಪ ಏರುಪೇರಾಗಿರುವ ಕಡೆ. ಮೊದಲ ಮೂರ್ನಾಲ್ಕು ಬಾಟಲಿ ಅಭ್ಯಾಸಕ್ಕೆಂದೇ ಇರಲಿ.

ಕತ್ತರಿಸಿದ ಅಂಚು ನೋಡಲು ನುಣುಪು, ಮುಟ್ಟಿದರೆ ಬ್ಲೇಡು. 80 ಗ್ರಿಟ್‌ನ (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಾಗದ ನುಣುಪು) ವಾಟರ್ ಪೇಪರನ್ನು ಸಮತಟ್ಟಾದ ಗಾಜು ಅಥವಾ ಟೈಲ್ಸ್ ಮೇಲೆ ಹಾಸಿ, ನೀರು ಚಿಮುಕಿಸಿ, ಬಾಟಲಿಯನ್ನು ಬೋರಲು ಹಿಡಿದು ಇಂಗ್ಲಿಷ್‌ನ ಎಂಟರ ಆಕಾರದಲ್ಲಿ ಉಜ್ಜಿ. ಸುತ್ತಲೂ ಒಂದೇ ಸಮ ಮಾಸಲು ಬಿಳಿ ಬಂದರೆ ಅಂಚು ಮಟ್ಟಸವಾಯಿತು. ನಂತರ ಕಾಗದದ ತುಂಡನ್ನು ಬೆರಳಿಗೆ ಸುತ್ತಿ, ಹೊರ ಮೂಲೆಯನ್ನೂ ಒಳ ಮೂಲೆಯನ್ನೂ ಸುಮಾರು 45 ಡಿಗ್ರಿ ಓರೆಯಲ್ಲಿ ತಿದ್ದಿ. ಒಳ ಮೂಲೆ ಮರೆಯುವವರೇ ಹೆಚ್ಚು, ತೊಳೆಯುವಾಗ ಕೈ ಕುಯ್ಯುವುದೂ ಅದೇ. ಆಮೇಲೆ 120, 220, 400 ಹೀಗೆ ಏರುತ್ತಾ ಹೋಗಿ. ಇನ್ನೂ ನುಣುಪು ಬೇಕಿದ್ದರೆ 600. ಪ್ರತಿ ಸಲ ಕಾಗದ ಬದಲಿಸುವ ಮುನ್ನ ಅಂಚನ್ನು ತೊಳೆಯಿರಿ, ಹಳೆಯ ದಪ್ಪ ಕಣ ಉಳಿದರೆ ಹೊಸ ಗೆರೆ ಎಳೆಯುತ್ತದೆ. ಒಣಗಿದ್ದಾಗ ಉಜ್ಜಲೇಬೇಡಿ: ಗಾಜಿನ ಪುಡಿ ಗಾಳಿಗೆ ಎದ್ದರೆ ಕಣ್ಣಿಗೂ ಶ್ವಾಸಕೋಶಕ್ಕೂ ಕೆಟ್ಟದ್ದು. ಕೊನೆಗೆ ಹತ್ತಿಯ ಉಂಡೆಯನ್ನು ಅಂಚಿನ ಸುತ್ತ ಎಳೆಯಿರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಇನ್ನೂ ಕೆಲಸ ಬಾಕಿ.

ಇಷ್ಟೆಲ್ಲ ಶ್ರಮಕ್ಕೆ ನಿಜವಾಗಿ ಬೆಲೆ ಕೊಡುವ ವಸ್ತು ಬತ್ತಿಯ ಕುಂಡ, ಅಂದರೆ ತಳಭಾಗದ ನೀರನ್ನು ಬಟ್ಟೆಯ ಬತ್ತಿ ಮೇಲಿನ ಮಣ್ಣಿಗೆ ಏರಿಸುವ ಗಿಡದ ಕುಂಡ. 750 ಮಿಲಿಲೀಟರ್ ಬಾಟಲಿಯನ್ನು ನೇರ ಗೋಡೆ ಮುಗಿಯುವುದಕ್ಕಿಂತ ಎರಡು ಮೂರು ಸೆಂಟಿಮೀಟರ್ ಕೆಳಗೆ ಕತ್ತರಿಸಿ, ತಲೆಭಾಗವನ್ನು ತಲೆಕೆಳಗಾಗಿ ತಳಭಾಗದೊಳಗೆ ಇಳಿಬಿಡಿ. ಇಳಿಜಾರಾದ ಭುಜದ ಬಾಟಲಿಯಾದರೆ ಅಂಚಿನ ಮೇಲೆ ಚೆನ್ನಾಗಿ ಕೂರುವುದಿಲ್ಲ, ನಡುವೆ ಒಂದು ರಬ್ಬರ್ ಉಂಗುರ ಬೇಕಾಗುತ್ತದೆ. ಹಳೆಯ ಟೀ ಶರ್ಟಿನ ಎರಡು ಬೆರಳಗಲದ ಪಟ್ಟಿಯನ್ನು ಹೊಸೆದು ಕತ್ತಿನ ಮೂಲಕ ನೀರಿಗಿಳಿಸಿ, ಮೇಲಿನ ತುದಿ ಮಣ್ಣಿನ ಅರ್ಧದವರೆಗೆ ಬರಲಿ. ಹತ್ತಿ ಕೆಲ ತಿಂಗಳಲ್ಲಿ ಕೊಳೆಯುತ್ತದೆ, ನೈಲಾನ್ ಮಿಶ್ರಿತ ಬಟ್ಟೆ ಹೆಚ್ಚು ಬಾಳುತ್ತದೆ. ಬಿಳಿ ಗಾಜಿನಲ್ಲಿ ಬೆಳಕು ಬಿದ್ದು ಪಾಚಿ ಕಟ್ಟುತ್ತದೆ. ಕಂದು ಬಾಟಲಿಯಲ್ಲಿ ಅದು ಕಡಿಮೆ.

ಕುಡಿಯುವ ಲೋಟ ಮಾಡುವುದನ್ನು ಮಾತ್ರ ಶಿಫಾರಸು ಮಾಡಲಾಗದು. ಕಣ್ಣಿಗೆ ಕಾಣದ ಸಣ್ಣ ಬಿರುಕುಗಳು ಅಂಚಿನಲ್ಲಿ ಉಳಿದಿರಬಹುದು, ಬಿಸಿ ಪಾನೀಯ ಬಿದ್ದರೆ ಅವು ಬೆಳೆಯುತ್ತವೆ. ಮೇಣದ ಬತ್ತಿಗೂ ಇದೇ ಕಾರಣಕ್ಕೆ ಬೇಡ. ದೀಪದ ಕವಚಕ್ಕೆ ಕಡಿಮೆ ವ್ಯಾಟ್‌ನ ಎಲ್‌ಇಡಿ ಸಾಕು.

ಒಡೆದ ಚೂರುಗಳನ್ನು ದಪ್ಪ ಕಾಗದದಲ್ಲಿ ಸುತ್ತಿ, ಟೇಪು ಹಚ್ಚಿ, ಮೇಲೆ ಗಾಜು ಎಂದು ಬರೆದು ಕೊಡಿ, ಕಸ ಎತ್ತುವವರ ಕೈ ಉಳಿಯುತ್ತದೆ. ಕಿಟ್ ಆರಿಸುವಾಗ ಬಿಡಿ ಚಕ್ರ ಸಿಗುತ್ತದೆಯೇ, ಅದನ್ನು ಅಲೆನ್ ಕೀ (ಆರು ಮೂಲೆಯ ಸ್ಕ್ರೂ ತಿರುಗಿಸುವ ಕೀಲಿ) ಹಾಕಿ ಬದಲಿಸಲು ಬರುತ್ತದೆಯೇ ಎಂದು ಕೇಳಿ. ಗೀರು ಅಲ್ಲಲ್ಲಿ ತುಂಡಾಗಿ ಬೀಳತೊಡಗಿದರೆ ಚಕ್ರ ಸವೆದಿದೆ. ಅಂಟಿಸಿಬಿಟ್ಟ ಚಕ್ರದ ಮಾದರಿಯಾದರೆ ಆಗ ಇಡೀ ಉಪಕರಣವನ್ನೇ ಎಸೆಯಬೇಕಾಗುತ್ತದೆ. ಅಂಥದ್ದನ್ನು ಕೊಳ್ಳಬೇಡಿ.